ಮೂರು ಸೈನ್ಯಗಳಲ್ಲಿ ದುಡಿದವನ ಸೇವಾ ಪುಸ್ತಕ

ಸೈನಿಕರ ಸೇವಾ ದಾಖಲೆಗಳನ್ನು ಇಡುವ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲಿಯೇ ನಿವೃತ್ತನಾದವನು ನಾನು. ಒಬ್ಬ ಮನುಷ್ಯನ ಸೈನಿಕ ಜೀವನವನ್ನು ಅಂಕಣಗಳಲ್ಲಿ ಓದುವುದು ನನಗೆ ಕೈಗೆ ಹತ್ತಿದ ವಿದ್ಯೆ: ಭರ್ತಿಯಾದ ದಿನ, ದರ್ಜೆ, ಬಡ್ತಿ, ಸಂಬಳ, ಪಡೆದ ಗಾಯ, ಹೋದ ರಜೆ, ಆದ ಶಿಕ್ಷೆ, ಕೊನೆಗೆ ಬಿಡುಗಡೆ. ನಿವೃತ್ತಿಯ ನಂತರ ಇದೇ ಕೆಲಸವನ್ನು ಹದಿನೇಳನೆಯ ಶತಮಾನದ ಒಬ್ಬ ಸ್ಕಾಟಿಷ್ ಸೈನಿಕನಿಗಾಗಿ ಮಾಡಿದೆ. ಸ್ವೀಡನ್, ಪೋಲೆಂಡ್, ರಷ್ಯಾ ಈ ಮೂರು ದೇಶಗಳ ಸೈನ್ಯಗಳಲ್ಲಿ ದುಡಿದು, ಮಾಸ್ಕೋದಲ್ಲಿ ಜನರಲ್ ಆಗಿ ತೀರಿಕೊಂಡ ಪ್ಯಾಟ್ರಿಕ್ ಗಾರ್ಡನ್ ಎಂಬಾತ ಬರೆದಿಟ್ಟ ದಿನಚರಿಯನ್ನು ಓದಿ, ಅದರಿಂದ ಅವನ ಸೇವಾ ಪುಸ್ತಕವನ್ನು ಹೇಗೆ ಸಿದ್ಧಪಡಿಸಿದೆನೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ನನ್ನನ್ನು ಎಳೆದದ್ದು ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದಲ್ಲಿರುವ ಗ್ಯಾರಿಸನ್ ಸ್ಮಶಾನ. ಅಲ್ಲಿಯ ಗೋರಿಗಳಲ್ಲಿ ಕೆಲವು ಡಿ ಮ್ಯೂರಾನ್ ರೆಜಿಮೆಂಟಿನವರದು. ಆ ರೆಜಿಮೆಂಟನ್ನು 1781ರಲ್ಲಿ ಸ್ವಿಟ್ಜರ್ಲೆಂಡಿನ ಕಡೆಯ ಒಬ್ಬ ಕರ್ನಲ್ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ. 1795ರಲ್ಲಿ ಅದು ಸಿಂಹಳದಲ್ಲಿ ಇಂಗ್ಲಿಷರ ಸಂಬಳಕ್ಕೆ ಬಂದಿತು. 1799ರಲ್ಲಿ ಟಿಪ್ಪುವಿನ ಕೋಟೆಯ ಮುತ್ತಿಗೆಯಲ್ಲಿ ಇಂಗ್ಲಿಷರ ಪರವಾಗಿ ನಿಂತಿತು. ಒಂದು ಇಡೀ ರೆಜಿಮೆಂಟು ಧಣಿಯನ್ನು ಬದಲಿಸುವಾಗ ಅದರ ಕಾಗದಪತ್ರಗಳು ಏನಾಗುತ್ತವೆ, ಹಳೆಯ ಸೇವೆ ಹೊಸ ಲೆಕ್ಕಕ್ಕೆ ಸೇರುತ್ತದೆಯೇ, ಪ್ರಮಾಣವಚನದ ಗತಿಯೇನು ಎಂಬ ಪ್ರಶ್ನೆಗಳು ನನ್ನಂಥ ದಾಖಲೆಯವನಿಗೆ ಸಹಜವಾಗಿಯೇ ಬಂದವು. ಪರದೇಶದ ಸೈನ್ಯದಲ್ಲಿ ದುಡಿದವರ ಬಗ್ಗೆ ಓದುತ್ತ ಹೋದಂತೆ ಸ್ವಿಸ್ ಜನರಷ್ಟೇ ಸಲ ಸ್ಕಾಟರ ಹೆಸರು ಎದುರಾಯಿತು. ಸ್ಕಾಟರಲ್ಲಿ ತನ್ನ ವೃತ್ತಿಯನ್ನು ತಾನೇ ದಿನದಿನವೂ ಬರೆದಿಟ್ಟವನೆಂದರೆ ಗಾರ್ಡನ್. ಇತರರ ಬಗ್ಗೆ ಸಾಮಾನ್ಯವಾಗಿ ಸೇನಾಪತಿಗಳ ವರದಿಗಳು ಉಳಿದಿವೆ. ಇವನದೋ ತಿಂಗಳ ಸಂಬಳ, ಸತ್ತ ಕುದುರೆ, ಬರೆದ ಪತ್ರ, ಬಂದ ಜ್ವರ ಎಲ್ಲವೂ ಉಳಿದಿದೆ.

ಸ್ಕಾಟ್ಲೆಂಡಿನಿಂದ ಅಷ್ಟೊಂದು ಜನ ಹೊರಗೆ ಹೋಗಿ ಸೈನಿಕರಾದದ್ದು ಏಕೆಂಬುದನ್ನು ಮೊದಲು ತಿಳಿದುಕೊಳ್ಳಬೇಕಾಯಿತು. ಅದು ಬಡ ನೆಲ. ಆಸ್ತಿಯೆಲ್ಲ ಹಿರಿಯ ಮಗನಿಗೆ ಹೋಗುವ ಪದ್ಧತಿಯಿಂದ ಕಿರಿಯ ಮಕ್ಕಳಿಗೆ ಮನೆತನದ ಹೆಸರನ್ನು ಬಿಟ್ಟರೆ ಬೇರೇನೂ ದಕ್ಕುತ್ತಿರಲಿಲ್ಲ. 1618ರಿಂದ 1648ರವರೆಗೆ ಜರ್ಮನಿಯ ನೆಲದಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಡೆನ್ಮಾರ್ಕಿನ ರಾಜನೂ ಸ್ವೀಡನ್ನಿನ ಗುಸ್ತಾವಸ್ ಅಡಾಲ್ಫಸ್‌ನೂ ಸ್ಕಾಟರನ್ನು ಸಾವಿರಗಟ್ಟಲೆ ಭರ್ತಿ ಮಾಡಿಕೊಂಡರು. ಹಾಲೆಂಡಿನಲ್ಲಿ ಹದಿನಾರನೆಯ ಶತಮಾನದಿಂದ 1782ರವರೆಗೆ ಸ್ಕಾಟರದೇ ಒಂದು ಬ್ರಿಗೇಡ್ ಇತ್ತು. ಹೀಗೆ ಒಂದು ತಲೆಮಾರು ಹೋಗಿ ಬಂದ ದಾರಿಯಲ್ಲಿ ಮುಂದಿನ ತಲೆಮಾರಿಗೆ ಪರಿಚಿತರು ಸಿಗುತ್ತಿದ್ದರು. ಗಾರ್ಡನ್‌ನ ದಿನಚರಿಯಲ್ಲಿ ಪೋಲೆಂಡಿನ ಊರೂರಿನಲ್ಲಿಯೂ ಒಬ್ಬ ಸ್ಕಾಟಿಷ್ ವ್ಯಾಪಾರಿಯೋ ಒಬ್ಬ ಸ್ಕಾಟಿಷ್ ಕ್ಯಾಪ್ಟನ್ನನೋ ಕಾಣಸಿಗುವುದನ್ನು ನೋಡಿದಾಗ, ಈ ವೃತ್ತಿಗೆ ಸಂಬಳಕ್ಕಿಂತ ಮೊದಲು ಬೇಕಾದದ್ದು ಊರಿನವರ ಬಳಗವೆಂಬುದು ನನಗೆ ಮನದಟ್ಟಾಯಿತು.

ದಿನಚರಿಯ ಹಸ್ತಪ್ರತಿ ಮಾಸ್ಕೋದ ಸೈನಿಕ ಇತಿಹಾಸದ ಪತ್ರಾಗಾರದಲ್ಲಿದೆ. ಆರು ಸಂಪುಟಗಳು ಉಳಿದಿವೆ. ಅದರ ಆಯ್ದ ಭಾಗಗಳನ್ನು ಅಬರ್ಡೀನಿನ ಸ್ಪಾಲ್ಡಿಂಗ್ ಕ್ಲಬ್ 1859ರಲ್ಲಿ ಅಚ್ಚು ಹಾಕಿಸಿತು. ಪೂರ್ಣ ಪಾಠವನ್ನು ಅಬರ್ಡೀನ್ ವಿಶ್ವವಿದ್ಯಾಲಯ 2009ರಿಂದ 2016ರ ನಡುವೆ ಆರು ಸಂಪುಟಗಳಲ್ಲಿ ಪ್ರಕಟಿಸಿದೆ. ನಾನು ಅಂತರ್ಜಾಲದಲ್ಲಿ ಸಿಗುವ ಹಳೆಯ ಆಯ್ದ ಭಾಗಗಳಿಂದ ಆರಂಭಿಸಿ, ಅವು ಸಾಲದೆ ಬಂದಾಗ ಹೊಸ ಸಂಪುಟಗಳತ್ತ ಹೋದೆ. ಭಾಷೆ ಇಂಗ್ಲಿಷಾದರೂ ಸ್ಕಾಟ್ಲೆಂಡಿನ ನುಡಿಯ ಛಾಯೆ ದಟ್ಟವಾಗಿದೆ. ಒಂದೇ ಪದಕ್ಕೆ ಒಂದೊಂದು ಪುಟದಲ್ಲಿ ಒಂದೊಂದು ಕಾಗುಣಿತ. ನಡುನಡುವೆ ಜರ್ಮನ್, ಪೋಲಿಷ್, ರಷ್ಯನ್ ಪದಗಳು. ಕಣ್ಣಿನಿಂದ ಓದಿದರೆ ತೊಡಕಾಗುತ್ತಿದ್ದ ಸಾಲುಗಳು ಗಟ್ಟಿಯಾಗಿ ಓದಿದಾಗ ಬಿಡಿಸಿಕೊಳ್ಳುತ್ತಿದ್ದವು. ಆದ್ದರಿಂದ ಬೆಳಗಿನ ಹೊತ್ತು ಮನೆಯಲ್ಲಿ ಗದ್ದಲವಿಲ್ಲದಾಗ ಜೋರಾಗಿ ಓದುವುದು, ಸಂಜೆ ಅದನ್ನು ಅಂಕಣಗಳಿಗೆ ಇಳಿಸುವುದು ಎಂಬ ಕ್ರಮವನ್ನು ಇಟ್ಟುಕೊಂಡೆ. 1667ರಿಂದ 1677ರವರೆಗಿನ ಭಾಗವೂ 1678ರಿಂದ 1684ರವರೆಗಿನ ಭಾಗವೂ ಕಳೆದುಹೋಗಿವೆ. ಆ ವರ್ಷಗಳ ಮನೆಗಳನ್ನು ಊಹೆಯಿಂದ ತುಂಬದೆ ಖಾಲಿ ಬಿಡಬೇಕೆಂದು ಮೊದಲ ದಿನವೇ ನಿಶ್ಚಯಿಸಿದೆ. ಸೇವಾ ಪುಸ್ತಕದಲ್ಲಿ ಖಾಲಿ ಮನೆ ಇರಬಹುದು, ಆಧಾರವಿಲ್ಲದ ಬರಹ ಇರಬಾರದು.

ದಿನಾಂಕಗಳ ಕೆಲಸ ನಾನು ಎಣಿಸಿದ್ದಕ್ಕಿಂತ ಹೆಚ್ಚಿನ ಶ್ರದ್ಧೆಯನ್ನು ಬೇಡಿತು. ಪೋಲೆಂಡ್ 1582ರಲ್ಲಿಯೇ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದಿತ್ತು; ಸ್ಕಾಟ್ಲೆಂಡ್ ಮತ್ತು ರಷ್ಯಾ ಹಳೆಯ ಜೂಲಿಯನ್ ಪಂಚಾಂಗದಲ್ಲಿಯೇ ಇದ್ದವು; ಆ ಶತಮಾನದಲ್ಲಿ ಇವೆರಡರ ನಡುವೆ ಹತ್ತು ದಿನಗಳ ಅಂತರ. ಒಬ್ಬನೇ ಸೈನಿಕ ಗಡಿ ದಾಟಿದ ಮಾತ್ರಕ್ಕೆ ಅವನ ತಾರೀಖು ಹತ್ತು ದಿನ ಹಿಂದೆ ಸರಿಯುತ್ತಿತ್ತು. ರಷ್ಯಾದ ಕಚೇರಿಗಳು ಇದಕ್ಕೂ ಮೇಲೆ ಸೃಷ್ಟಿಯಾದಿಯಿಂದ ವರ್ಷವನ್ನು ಎಣಿಸುತ್ತಿದ್ದವು, ಮತ್ತು ಅಲ್ಲಿ ಹೊಸ ವರ್ಷ ಸೆಪ್ಟೆಂಬರ್ 1ಕ್ಕೆ ಹುಟ್ಟುತ್ತಿತ್ತು. ಗಾರ್ಡನ್ ಮಾಸ್ಕೋ ತಲುಪಿದ್ದು 1661ರ ಸೆಪ್ಟೆಂಬರ್ 2ರಂದು. ಅಲ್ಲಿಯ ಗುಮಾಸ್ತನ ಪುಸ್ತಕದಲ್ಲಿ ಅದು 7170ನೆಯ ವರ್ಷದ ಎರಡನೆಯ ದಿನ. ಶಾಸನಗಳ ಶಕವರ್ಷ, ಸಂವತ್ಸರ, ತಿಥಿಗಳನ್ನು ಹೊಂದಿಸುವವರಿಗೆ ಈ ಬಗೆಯ ಲೆಕ್ಕ ಹೊಸತಲ್ಲ. ನಾನು ಒಂದು ಅಂಕಣದಲ್ಲಿ ದಿನಚರಿಯ ತಾರೀಖನ್ನು ಇದ್ದಂತೆಯೇ ಬರೆದು, ಪಕ್ಕದಲ್ಲಿ ಈಗಿನ ಲೆಕ್ಕದ ತಾರೀಖನ್ನು ಬರೆಯುತ್ತ ಹೋದೆ. ಈ ಬರಹದಲ್ಲಿ ಅವನ ರಷ್ಯಾದ ದಿನಗಳಿಗೆ ಕೊಟ್ಟಿರುವ ತಾರೀಖುಗಳು ಹಳೆಯ ಪಂಚಾಂಗದವು.

ಊರುಗಳ ಹೆಸರುಗಳದೂ ಹೀಗೆಯೇ. ಅವನ ಡಾನ್ಜಿಗ್ ಇಂದಿನ ಗ್ದಾನ್ಸ್ಕ್. ಅವನು ಓದಿದ ಬ್ರೌನ್ಸ್‌ಬರ್ಗ್ ಇಂದಿನ ಬ್ರಾನ್ಯೆವೊ. ಅವನು ರಕ್ಷಿಸಿದ ಚಿಗಿರಿನ್ ಈಗ ಉಕ್ರೇನಿನಲ್ಲಿದೆ. ಗೋಡೆಗೆ ಅಂಟಿಸಿದ ಯುರೋಪಿನ ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಅವನ ದಾರಿಯನ್ನು ಎಳೆಯುತ್ತ ಹೋದೆ. ಅಬರ್ಡೀನಿನಲ್ಲಿರುವ ಮಗಳು ದೂರವಾಣಿಯಲ್ಲಿ “ಅಪ್ಪಾ, ನೀವು ಬಂದಾಗ ಅವನ ಊರಿಗೂ ಹೋಗಿಬರೋಣ” ಎಂದಳು. ಒಂದು ಬೇಸಿಗೆಯಲ್ಲಿ ಹೋದೆವು. ಎಲ್ಲನ್ ಪಟ್ಟಣದ ಆಚೆ ಬಾರ್ಲಿ ಹೊಲಗಳು, ಕಲ್ಲಿನ ಗೋಡೆಗಳು, ಸಮುದ್ರದ ಕಡೆಯಿಂದ ಬೀಸುವ ಗಾಳಿ. ನೋಡತಕ್ಕ ಕೋಟೆಕೊತ್ತಲಗಳೇನೂ ಇಲ್ಲ. ಆದರೂ ಅಬರ್ಡೀನಿನ ಬಂದರು ಎಷ್ಟು ಹತ್ತಿರವೆಂಬುದು ಕಣ್ಣಿಗೆ ಬಿದ್ದಿತು. ಆ ಸೀಮೆಯ ಹುಡುಗನಿಗೆ ಲಂಡನ್ನಿಗಿಂತ ಬಾಲ್ಟಿಕ್ ಕಡಲು ಸುಲಭವಾಗಿ ಮುಟ್ಟುವ ಜಾಗವಾಗಿತ್ತು.

ಸಾಮಾನ್ಯ ಸೇವಾ ಪುಸ್ತಕದಲ್ಲಿ ಇಲ್ಲದ ಎರಡು ಅಂಕಣಗಳನ್ನು ನಾನಾಗಿಯೇ ಸೇರಿಸಿದೆ: ಪ್ರತಿಯೊಂದು ಸೇವೆಗೆ ಅವನು ಹೇಗೆ ಸೇರಿದ, ಹೇಗೆ ಬಿಟ್ಟ. ಇವುಗಳಲ್ಲಿ ಎರಡನೆಯದು ಇಡೀ ಕೆಲಸದ ಕೇಂದ್ರವಾಗಿ ಬೆಳೆಯಿತು. ಕೂಲಿಗೆ ಕಾದುವ ಸೈನಿಕನೆಂದರೆ ಹಣ ಹೆಚ್ಚು ಕೊಟ್ಟವನ ಕಡೆಗೆ ಮನಬಂದಾಗ ಹೋಗುವವನು ಎಂಬ ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ಗಾರ್ಡನ್‌ನ ಅಂಕಣಗಳು ತುಂಬುತ್ತ ಬಂದಂತೆ ನನಗೆ ಕಂಡದ್ದು ಇದು: ಪರದೇಶದ ಸೈನ್ಯಕ್ಕೆ ಸೇರುವುದು ಒಂದು ದಿನದ ಮಾತಾಗಿತ್ತು, ಬಿಟ್ಟು ಬರುವುದು ಒಂದು ಆಯುಷ್ಯದ ಅರ್ಜಿಯಾಗಿತ್ತು.

ಅವನು ಹುಟ್ಟಿದ್ದು 1635ರ ಮಾರ್ಚ್ 31ರಂದು, ಅಬರ್ಡೀನ್ ಸೀಮೆಯ ಆಖ್ಲೂಖ್ರೀಸ್ ಎಂಬಲ್ಲಿ. ಕಿರಿಯ ಶಾಖೆಯ ಮನೆಯಲ್ಲಿ ಕಿರಿಯ ಸೋದರನ ಕಿರಿಯ ಮಗ ತಾನಾದ್ದರಿಂದ ಪಾಲಿಗೆ ಬರುವುದು ಅತ್ಯಲ್ಪವೆಂದು ಅವನೇ ಬರೆದುಕೊಂಡಿದ್ದಾನೆ. ಜೊತೆಗೆ ಅವನು ಕಥೋಲಿಕ. ಆ ಕಾಲದ ಸ್ಕಾಟ್ಲೆಂಡಿನಲ್ಲಿ ಕಥೋಲಿಕನಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. 1651ರಲ್ಲಿ ಹದಿನಾರರ ಹುಡುಗ ಅಬರ್ಡೀನಿನಲ್ಲಿ ಹಡಗು ಹತ್ತಿ ಡಾನ್ಜಿಗ್‌ಗೆ ಹೊರಟ. ಯಾವ ದೇಶಕ್ಕಾದರೂ ಸರಿ, ಯಾವ ನೆಪವಾದರೂ ಸರಿ, ಹೊರಗೆಲ್ಲಿಯೂ ತನಗೆ ಪರಿಚಿತರಿಲ್ಲ ಎಂದು ಅವನು ಬರೆಯುವ ಮಾತಿನಲ್ಲಿ ಸಾಹಸದ ಉತ್ಸಾಹಕ್ಕಿಂತ ದಾರಿ ಕಾಣದವನ ನಿರ್ಧಾರವಿದೆ. ಬ್ರೌನ್ಸ್‌ಬರ್ಗಿನ ಜೆಸ್ಯುಟ್ ಕಾಲೇಜಿನಲ್ಲಿ ಕೆಲಕಾಲ ಓದಿದ. ಅಲ್ಲಿಯ ಏಕಾಂತ ಅವನಿಗೆ ಒಗ್ಗಲಿಲ್ಲ. ಒಂದು ದಿನ ಕಾಲ್ನಡಿಗೆಯಲ್ಲಿ ಹೊರಟುಬಿಟ್ಟ. ಪೋಲೆಂಡಿನಲ್ಲಿ ಅಲೆದು ಹ್ಯಾಂಬರ್ಗ್ ಸೇರಿದಾಗ ಅಲ್ಲಿ ಸ್ವೀಡನ್ನಿನ ಪರವಾಗಿ ಭರ್ತಿ ಮಾಡಿಕೊಳ್ಳುತ್ತಿದ್ದ ಅಧಿಕಾರಿಗಳ ಜೊತೆ ಪರಿಚಯವಾಯಿತು. 1655ರಲ್ಲಿ ಸ್ವೀಡನ್ನಿನ ಹತ್ತನೆಯ ಚಾರ್ಲ್ಸ್ ಪೋಲೆಂಡಿನ ಮೇಲೆ ದಂಡೆತ್ತಿ ಹೋದಾಗ, ಕಥೋಲಿಕ ಗಾರ್ಡನ್ ಲೂಥರನ್ ರಾಜನ ಕುದುರೆ ಸವಾರನಾಗಿ ಕಥೋಲಿಕ ಪೋಲೆಂಡನ್ನು ಹೊಕ್ಕ.

ಮುಂದಿನ ನಾಲ್ಕೈದು ವರ್ಷಗಳನ್ನು ಅಂಕಣಕ್ಕೆ ಇಳಿಸುವುದು ಇಡೀ ಪುಸ್ತಕದಲ್ಲಿಯೇ ಕಠಿಣವಾದ ಭಾಗವಾಗಿತ್ತು. ಪೋಲೆಂಡಿನವರು ಅವನನ್ನು ಸೆರೆ ಹಿಡಿದರು. ನೋವಿ ಸಾಂಚ್ ಎಂಬ ಊರಿನಲ್ಲಿ ಬಂಧನದಲ್ಲಿದ್ದ. ತಮ್ಮ ಸೈನ್ಯಕ್ಕೆ ಸೇರಿದರೆ ಬಿಡುತ್ತೇವೆಂಬ ಮಾತಿನ ಮೇಲೆ ಹೊರಗೆ ಬಂದ. 1656ರ ಬೇಸಿಗೆಯಲ್ಲಿ, ವಾರ್ಸಾ ಕದನದ ಆಸುಪಾಸಿನಲ್ಲಿ, ಮತ್ತೆ ಸ್ವೀಡನ್ ಪಕ್ಷದ ಕೈಗೆ ಸಿಕ್ಕಿ ಹಳೆಯ ಸೇವೆಗೆ ಮರಳಿದ. ಸ್ವೀಡನ್ ಸೈನ್ಯದ ಹಿರಿಯ ಸೇನಾನಿಗಳಲ್ಲಿ ಒಬ್ಬನಾದ ರಾಬರ್ಟ್ ಡಗ್ಲಸ್ ಸ್ವತಃ ಸ್ಕಾಟ್ ಆಗಿದ್ದನು. ಕೆಲವು ವರ್ಷಗಳ ಮೇಲೆ ಪೋಲೆಂಡಿನವರು ಗಾರ್ಡನ್‌ನನ್ನು ಇನ್ನೊಮ್ಮೆ ಹಿಡಿದರು. ಕೈದಿಗಳ ವಿನಿಮಯದಲ್ಲಿ ಅವನನ್ನು ಬಿಡಲು ಅವರು ಒಪ್ಪಲಿಲ್ಲ. 1659ರಲ್ಲಿ ಅವನು ಪೋಲೆಂಡಿನ ಸೇನಾಪತಿ ಲುಬೊಮಿರ್ಸ್ಕಿಯ ಕೈಕೆಳಗೆ ಅಧಿಕಾರಿಯಾದ.

ಇದನ್ನು ನಮ್ಮ ಕಾಲದ ದಾಖಲೆಯ ಭಾಷೆಯಲ್ಲಿ ಬರೆದರೆ ಪಕ್ಷಾಂತರ, ಓಡಿಹೋಗುವಿಕೆ ಎಂಬ ಪದಗಳು ಬರುತ್ತವೆ. ನಾನು ಆ ಪದಗಳನ್ನು ಬಳಸಲಿಲ್ಲ, ಅದಕ್ಕೆ ಕಾರಣವಿದೆ. ಸಂಬಳವನ್ನು ರಾಜನೇ ನೇರವಾಗಿ ಕೊಡಲಾರದ ಆ ದಿನಗಳಲ್ಲಿ ಸೋತ ಕಡೆಯ ಸೈನಿಕರನ್ನು ಗೆದ್ದ ಕಡೆಯವರು ತಮ್ಮ ಪಡೆಗಳಿಗೆ ಸೇರಿಸಿಕೊಳ್ಳುವುದು ಎಲ್ಲರೂ ಒಪ್ಪಿದ ಪದ್ಧತಿಯಾಗಿತ್ತು. ಸೆರೆಯಲ್ಲಿ ಕೊಳೆಯುವುದೋ ಹೊಸ ಧಣಿಯ ಪ್ರಮಾಣ ತೆಗೆದುಕೊಳ್ಳುವುದೋ ಎಂಬಷ್ಟೇ ಆಯ್ಕೆ ಅವನ ಮುಂದಿತ್ತು. ಆದರೆ ಅವನು ಈ ಬದಲಾವಣೆಗಳನ್ನು ಹಗುರವಾಗಿಯೂ ತೆಗೆದುಕೊಳ್ಳಲಿಲ್ಲ. ಯಾವ ಪರಿಸ್ಥಿತಿಯಲ್ಲಿ ಒಪ್ಪಿದೆ, ಎಷ್ಟು ದಿನ ನಿರಾಕರಿಸಿದೆ, ಯಾರು ಏನು ಹೇಳಿದರು ಎಂಬುದನ್ನೆಲ್ಲ ಅವನು ಬರೆದಿರುವ ರೀತಿ, ಮುಂದೊಂದು ದಿನ ಯಾರಾದರೂ ಕೇಳಿದರೆ ತೋರಿಸಲು ಕಾಗದ ಸಿದ್ಧಪಡಿಸಿಟ್ಟುಕೊಂಡವನ ರೀತಿ. ಆದ್ದರಿಂದ “ಹೇಗೆ ಬಿಟ್ಟ” ಎಂಬ ಅಂಕಣದಲ್ಲಿ ಮೂರು ಸಲ “ಸೆರೆಯಾಗಿ” ಎಂದು ಬರೆದೆ. ಅದೇ ಸತ್ಯ.

1660ರಲ್ಲಿ ಅವನು ಪೋಲೆಂಡಿನ ಡ್ರಾಗೂನ್ ಪಡೆಯ (ಕುದುರೆಯ ಮೇಲೆ ಸಾಗುವ ಬಂದೂಕಿನ ಪಡೆ) ಕ್ಯಾಪ್ಟನ್ನನಾಗಿ ಚುಡ್ನೋವಿನ ಯುದ್ಧದಲ್ಲಿದ್ದ. ರಷ್ಯಾದ ಸೇನಾಪತಿ ಷೆರೆಮೆತೆವ್ ಅಲ್ಲಿ ಶರಣಾದ. ಸೆರೆಸಿಕ್ಕ ರಷ್ಯನ್ನರನ್ನು ಗಾರ್ಡನ್ ದಯೆಯಿಂದ ನೋಡಿಕೊಂಡ. ಆ ನಡತೆ ಮುಂದೆ ಅವನ ಉಪಕಾರಕ್ಕೆ ಬಂದಿತು. ಅದೇ ವರ್ಷ ಎರಡನೆಯ ಚಾರ್ಲ್ಸ್ ಇಂಗ್ಲೆಂಡಿನ ಸಿಂಹಾಸನಕ್ಕೆ ಮರಳಿದಾಗ ಗಾರ್ಡನ್ ಮನೆಗೆ ಹೋಗುವ ಆಸೆಯಿಂದ ಪತ್ರ ಬರೆದ. ಇಲ್ಲಿ ಸೈನ್ಯಗಳನ್ನು ಬರಖಾಸ್ತು ಮಾಡುತ್ತಿದ್ದಾರೆ, ಬಂದರೆ ಕೆಲಸ ಸಿಗುವ ಭರವಸೆಯಿಲ್ಲ ಎಂಬರ್ಥದ ಉತ್ತರ ತಂದೆಯಿಂದ ಬಂದಿತು. ಆಸ್ಟ್ರಿಯಾದ ಚಕ್ರವರ್ತಿಯ ಸೇವೆಯ ಮಾತು ನಡೆದು ಮುರಿದುಬಿದ್ದಿತು. ರಷ್ಯಾದ ರಾಯಭಾರಿ ಮೇಜರ್ ದರ್ಜೆಯನ್ನೂ ಮೂರು ವರ್ಷಗಳ ಕರಾರನ್ನೂ ಮುಂದಿಟ್ಟ. ಲುಬೊಮಿರ್ಸ್ಕಿಯಿಂದ ಬಿಡುಗಡೆ ಪತ್ರ ಪಡೆದು ಗಾರ್ಡನ್ ಪೂರ್ವಕ್ಕೆ ಹೊರಟ. ಕ್ರಮಬದ್ಧವಾದ ಬಿಡುಗಡೆ ಅವನ ಜೀವನದಲ್ಲಿ ಇದೊಂದೇ. ಆ ಮನೆಯನ್ನು ತುಂಬುವಾಗ ನನಗೆ ಕಚೇರಿಯ ದಿನಗಳ ಸಂತೋಷವೇ ಆಯಿತು.

ಮಾಸ್ಕೋದ ಮೊದಲ ವಾರಗಳ ಬರಹವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಸೆಪ್ಟೆಂಬರ್ 5ರಂದು ಕೊಲೊಮೆನ್ಸ್ಕೊಯೆ ಅರಮನೆಯಲ್ಲಿ ತ್ಸಾರ್ ಅಲೆಕ್ಸಿಯ ಕೈಗೆ ಮುತ್ತಿಟ್ಟಾಗ, ರಷ್ಯನ್ ಕೈದಿಗಳಿಗೆ ದಯೆ ತೋರಿದ್ದಕ್ಕಾಗಿ ತ್ಸಾರ್ ಅವನಿಗೆ ಧನ್ಯವಾದ ಹೇಳಿದ. ಎರಡು ದಿನಗಳ ಮೇಲೆ ತ್ಸಾರನ ಮಾವ ಇಲ್ಯಾ ಮಿಲೊಸ್ಲಾವ್‌ಸ್ಕಿ ಹೊಸ ಅಧಿಕಾರಿಗಳನ್ನು ಬಯಲಿಗೆ ಕರೆಸಿ, ಈಟಿಯನ್ನೂ ಮಸ್ಕೆಟ್ ಬಂದೂಕನ್ನೂ ಕೈಗೆ ತೆಗೆದುಕೊಂಡು ವರಸೆ ತೋರಿಸುವಂತೆ ಹೇಳಿದ. ಗಾರ್ಡನ್‌ಗೆ ಅಚ್ಚರಿಯಾಯಿತು. ಇದು ಗೊತ್ತಿದ್ದರೆ ನನ್ನ ಆಳುಗಳಲ್ಲಿ ಒಬ್ಬನನ್ನು ಕರೆತರುತ್ತಿದ್ದೆ, ಅವನು ನನಗಿಂತ ಚೆನ್ನಾಗಿ ತೋರಿಸುತ್ತಿದ್ದನೇನೋ, ಆಯುಧ ತಿರುಗಿಸುವುದು ಅಧಿಕಾರಿಯಾದವನ ವಿದ್ಯೆಗಳಲ್ಲಿ ಕೊನೆಯದು, ಪಡೆ ನಡೆಸುವುದು ಮುಖ್ಯ ಎಂಬರ್ಥದಲ್ಲಿ ಉತ್ತರಿಸಿದ. ಎಂಥ ಕರ್ನಲ್ ಬಂದರೂ ಇಲ್ಲಿ ಇದನ್ನು ಮಾಡಲೇಬೇಕೆಂದು ಮಿಲೊಸ್ಲಾವ್‌ಸ್ಕಿ ಹೇಳಿದ ಮೇಲೆ, ಈಟಿ ಹಿಡಿದು ಎಲ್ಲ ವರಸೆಗಳನ್ನೂ ಒಪ್ಪುವಂತೆ ಮಾಡಿ ತೋರಿಸಿದ. ಎರಡು ಸೈನಿಕ ಪದ್ಧತಿಗಳ ನಡುವಿನ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪುಟವನ್ನು ನಾನು ಓದಿಲ್ಲ. ಮಿಲೊಸ್ಲಾವ್‌ಸ್ಕಿಯ ಕಡೆಯಿಂದ ನೋಡಿದರೂ ಅವನ ಪರೀಕ್ಷೆಯಲ್ಲಿ ಅರ್ಥವಿದೆ. ಬಾಯಿಮಾತಿನಲ್ಲಿ ದರ್ಜೆ ಹೇಳಿಕೊಂಡು ಬರುವ ಪರದೇಶಿಗಳನ್ನು ಸೋಸಲು ಅವನಲ್ಲಿದ್ದ ಜರಡಿ ಅದೊಂದೇ.

ಅನಂತರ ಬರುವುದು ಸಂಬಳದ ಅಂಕಣ. ದೇಶಕ್ಕೆ ಬಂದದ್ದಕ್ಕೆ ಕೊಡುವ ರೂಢಿಯ ಉಡುಗೊರೆಯಾಗಿ ಅವನಿಗೆ ಮಂಜೂರಾದದ್ದು 25 ರೂಬಲ್ ನಗದು, 25 ರೂಬಲ್ ಬೆಲೆಯ ಸೇಬಲ್ ತುಪ್ಪಳು, ಜೊತೆಗೆ ಬಟ್ಟೆ. ಕೈಬೆಚ್ಚಗೆ ಮಾಡದ ಹೊರತು ಕೊಡುವುದಿಲ್ಲವೆಂದು ಅಲ್ಲಿಯ ಅಧಿಕಾರಿ ದಿನ ದೂಡುತ್ತ ಬಂದ. ಲಂಚ ಕೊಡುವುದು ಅಲ್ಲಿಯ ಪದ್ಧತಿಯೆಂದು ತಿಳಿಯದ ಗಾರ್ಡನ್ ಮಿಲೊಸ್ಲಾವ್‌ಸ್ಕಿಯ ಬಳಿ ಮತ್ತೆ ಮತ್ತೆ ದೂರಿದ. ಕೊನೆಗೆ ಮಿಲೊಸ್ಲಾವ್‌ಸ್ಕಿ ಆ ಅಧಿಕಾರಿಯನ್ನು ಕರೆಸಿ ಗಡ್ಡ ಹಿಡಿದು ಜಗ್ಗಾಡಿದ. ಸಂಬಳವೂ ತಾಮ್ರದ ನಾಣ್ಯಗಳಲ್ಲಿ ಬರುತ್ತಿತ್ತು. ಮುಖಬೆಲೆಯಲ್ಲಿ ಬೆಳ್ಳಿಗೆ ಸಮವೆಂದು ಸರ್ಕಾರ ಹೇಳುತ್ತಿದ್ದ ಆ ತಾಮ್ರದ ಬೆಲೆ ಪೇಟೆಯಲ್ಲಿ ಕುಸಿಯುತ್ತಲೇ ಹೋಯಿತು. 1662ರ ಜುಲೈನಲ್ಲಿ ಮಾಸ್ಕೋದ ಜನ ದಂಗೆಯೆದ್ದರು. ಸೈನಿಕರ ವೇತನವನ್ನು ಲೆಕ್ಕ ಹಾಕುತ್ತ ಬದುಕಿದ ನನಗೆ, ಮಂಜೂರಾದ ಮೊತ್ತಕ್ಕೂ ಕೈಗೆ ಸೇರಿದ ಮೊತ್ತದ ಬೆಲೆಗೂ ಬೇರೆ ಬೇರೆ ಅಂಕಣ ಮಾಡಬೇಕೆನಿಸಿತು, ಹಾಗೆಯೇ ಮಾಡಿದೆ.

ಬಂದ ಕೆಲವೇ ದಿನಗಳಲ್ಲಿ ಅವನಿಗೆ ಅಲ್ಲಿಂದ ಹೊರಡಬೇಕೆಂದು ತೀವ್ರವಾಗಿ ಅನ್ನಿಸಿತು. ತಿಳಿದವರು ಎಚ್ಚರಿಸಿದರು: ನೀನು ಬಂದದ್ದು ಯುದ್ಧ ನಡೆಯುತ್ತಿರುವ ಪೋಲೆಂಡಿನಿಂದ, ನೀನು ಕಥೋಲಿಕ, ಬಂದವನು ತಕ್ಷಣ ಹೋಗುತ್ತೇನೆಂದರೆ ಗೂಢಚಾರನೆಂದು ತಿಳಿದು ಸೈಬೀರಿಯಾಕ್ಕೆ ಕಳಿಸಿಯಾರು, ನಿನ್ನನ್ನು ಬಿಡುವುದಂತೂ ಸುಳ್ಳು. ಮೂರು ವರ್ಷಗಳ ಕರಾರಿನ ಮಾತನ್ನು ಅಲ್ಲಿ ಕೇಳುವವರಿರಲಿಲ್ಲ. ಈ ಸಾಲುಗಳನ್ನು ಓದಿದ ಸಂಜೆ ನಾನು “ಹೇಗೆ ಬಿಟ್ಟ” ಎಂಬ ಅಂಕಣಕ್ಕೆ ಕೆಂಪು ಗೆರೆ ಎಳೆದು, ಆಮೇಲಿನ ಪ್ರತಿಯೊಂದು ಅರ್ಜಿಯನ್ನೂ ಅದರಲ್ಲಿ ತಾರೀಖು ಸಮೇತ ಬರೆಯತೊಡಗಿದೆ.

ಬಡ್ತಿಗಳ ಅಂಕಣ ಮಾತ್ರ ಸಲೀಸಾಗಿ ತುಂಬಿತು. ಬಂದ ಮರುವರ್ಷವೇ ಲೆಫ್ಟಿನೆಂಟ್ ಕರ್ನಲ್, 1665ರಲ್ಲಿ ಕರ್ನಲ್. ಅದೇ ವರ್ಷ ಪರದೇಶಿಗಳ ಬಡಾವಣೆಯಾದ ಜರ್ಮನ್ ಸ್ಲೊಬೊಡಾದಲ್ಲಿ ಸಹೋದ್ಯೋಗಿ ಕರ್ನಲ್ಲನೊಬ್ಬನ ಮಗಳನ್ನು ಮದುವೆಯಾದ. 1666ರಲ್ಲಿ ತ್ಸಾರನ ಪತ್ರ ಹೊತ್ತು ಲಂಡನ್ನಿಗೆ ಹೋಗಿ ಬಂದ. 1677ರಲ್ಲಿ ತುರ್ಕರು ಚಿಗಿರಿನ್ ಕೋಟೆಯನ್ನು ಮುತ್ತಿದಾಗ ಅದರ ನೆರವಿಗೆ ಹೋದ ಸೈನ್ಯದಲ್ಲಿದ್ದ; 1678ರಲ್ಲಿ ಮತ್ತೆ ಮುತ್ತಿದಾಗ ಅವನು ಕೋಟೆಯ ಒಳಗಿದ್ದ. ಎರಡನೆಯ ಮುತ್ತಿಗೆಯಲ್ಲಿ ಕೋಟೆಯ ಅಧಿಪತಿ ಸತ್ತ ಮೇಲೆ ರಕ್ಷಣೆಯ ಹೊಣೆ ಅವನ ಮೇಲೆ ಬಿದ್ದಿತು. ಮೈಮೇಲೆ ಗಾಯಗಳಿದ್ದರೂ ಗೋಡೆ ಬಿಡಲಿಲ್ಲ. ಕೋಟೆ ಬಿಡುವಂತೆ ಆಜ್ಞೆ ಬಂದ ರಾತ್ರಿ ಮದ್ದಿನ ಮನೆಗೆ ಬೆಂಕಿಯ ಏರ್ಪಾಟು ಮಾಡಿ ಹೊರಬಿದ್ದ. ಸಿಡಿದ ಮದ್ದು ಒಳನುಗ್ಗಿದ ತುರ್ಕರನ್ನು ಬಲಿ ತೆಗೆದುಕೊಂಡಿತು. ಆ ವರ್ಷವೇ ಮೇಜರ್ ಜನರಲ್ ಆದ, ಅನಂತರ ಕೀವ್ ನಗರದ ಸೇನಾಧಿಕಾರಿಯಾದ. 1683ರಲ್ಲಿ ಲೆಫ್ಟಿನೆಂಟ್ ಜನರಲ್.

ದರ್ಜೆ ಏರಿದಷ್ಟೂ ಬಿಡುಗಡೆ ದೂರ ಸರಿಯಿತು. ಕೆಲಸಕ್ಕೆ ಬಾರದವನಾಗಿದ್ದರೆ ಯಾವಾಗಲೋ ಕಳಿಸಿಬಿಡುತ್ತಿದ್ದರು. 1684ರ ಜನವರಿಯಲ್ಲಿ ಅವನು ಆಡಳಿತದ ಮುಖ್ಯಸ್ಥನಾದ ರಾಜಕುಮಾರ ವಸಿಲಿ ಗೊಲಿತ್ಸಿನ್‌ಗೆ ಕ್ರಿಮಿಯಾದ ಯುದ್ಧದ ಬಗ್ಗೆ ತನ್ನ ಅಭಿಪ್ರಾಯವನ್ನು ಬರೆದುಕೊಟ್ಟ; ಅದೇ ಸಂದರ್ಭದಲ್ಲಿ ಬಿಡುಗಡೆಯನ್ನೂ ಬೇಡಿದ. ಸಿಗಲಿಲ್ಲ. 1686ರಲ್ಲಿ ರಜೆ ಮಾತ್ರ ಸಿಕ್ಕಿತು. ಹೆಂಡತಿ ಮಕ್ಕಳು ರಷ್ಯಾದಲ್ಲಿಯೇ ಉಳಿಯಬೇಕು. ನಮ್ಮ ಕಚೇರಿಯ ಭಾಷೆಯಲ್ಲಿ ಜಾಮೀನು ಎನ್ನಬಹುದಾದದ್ದು ಅವನ ಸಂಸಾರವೇ ಆಗಿತ್ತು. ಲಂಡನ್ನಿನಲ್ಲಿ ಎರಡನೆಯ ಜೇಮ್ಸ್ ರಾಜ ಅವನನ್ನು ಆದರಿಸಿ, ಮರಳಿ ಬಂದು ತನ್ನ ಸೇವೆಗೆ ಸೇರುವಂತೆ ಹೇಳಿದ. ಜೇಮ್ಸ್ ಕಥೋಲಿಕ, ಸ್ಕಾಟ್ಲೆಂಡಿನ ರಾಜಮನೆತನವಾದ ಸ್ಟೂವರ್ಟ್ ಮನೆತನದವನು. ಗಾರ್ಡನ್ ತನ್ನ ಸಹಜ ಒಡೆಯನೆಂದು ಒಪ್ಪಿದವನು ಅವನನ್ನೇ. ಸ್ಕಾಟ್ಲೆಂಡಿಗೆ ಹೋಗಿ, ಆಸ್ತಿಯ ವ್ಯವಹಾರ ನೋಡಿ, ಅಬರ್ಡೀನಿನಿಂದ ಹಡಗು ಹತ್ತಿ ಮರಳಿದ.

ಆ ವರ್ಷದ ಕೊನೆಯ ತಿಂಗಳುಗಳು ಸೇವಾ ಪುಸ್ತಕದಲ್ಲಿ ಶಿಕ್ಷೆಯ ಅಂಕಣಕ್ಕೆ ಹೋದವು. ಅವನ ಬಿಡುಗಡೆಯನ್ನು ಕೋರಿ ಜೇಮ್ಸನ ಪರವಾಗಿ ಪತ್ರ ಬಂದಿತು, ಅವನೂ ಅರ್ಜಿ ಕೊಟ್ಟ. ಗೊಲಿತ್ಸಿನ್ ಕೆರಳಿದ. ಗಾರ್ಡನ್‌ನನ್ನು ಅಧಿಕಾರಿಗಳ ಸಾಲಿನ ಕೆಳಗಿನ ದರ್ಜೆಯಾದ ಎನ್‌ಸೈನ್ ಹುದ್ದೆಗೆ ಇಳಿಸುವ ಆಜ್ಞೆಯಾಯಿತು. ಗಡೀಪಾರಿನ ಬೆದರಿಕೆ ಬಂದಿತು. ಹೆಂಡತಿ ಮಕ್ಕಳ ಗತಿ ಏನಾದೀತೆಂಬ ಚಿಂತೆಯಿಂದ ಅವನು ತಪ್ಪೊಪ್ಪಿಗೆಯ ಕಾಗದ ಬರೆದುಕೊಟ್ಟ. ಮೂವತ್ತು ವರ್ಷಗಳಿಗೂ ಮಿಕ್ಕಿ ಯುದ್ಧ ಕಂಡ ಲೆಫ್ಟಿನೆಂಟ್ ಜನರಲ್‌ನೊಬ್ಬ, ಮನೆಗೆ ಹೋಗಲು ಕೇಳಿದ್ದೇ ಅಪರಾಧವೆಂದು ಬರೆದು ಸಹಿ ಹಾಕಬೇಕಾಯಿತು. ದರ್ಜೆಯನ್ನು ಮತ್ತೆ ಕೊಟ್ಟರು. ಮುಂದೆ ಜೇಮ್ಸ್ ಅವನನ್ನು ರಷ್ಯಾದಲ್ಲಿ ತನ್ನ ರಾಯಭಾರಿಯನ್ನಾಗಿ ನೇಮಿಸಿದ ಪತ್ರವೂ ಬಂದಿತು. ಕ್ರಿಮಿಯಾದ ದಂಡಯಾತ್ರೆಗೆ ಅವನು ಬೇಕೇ ಬೇಕೆಂದು ಹೇಳಿ ಅದನ್ನೂ ಒಪ್ಪಲಿಲ್ಲ. 1687ರ ಆ ದಂಡಯಾತ್ರೆಯ ನಂತರ ಅವನು ಪೂರ್ಣ ಜನರಲ್ ಆದ. 1688ರಲ್ಲಿ ಜೇಮ್ಸ್ ತಾನೇ ಸಿಂಹಾಸನ ಕಳೆದುಕೊಂಡು ಫ್ರಾನ್ಸಿಗೆ ಓಡಬೇಕಾಯಿತು. ಅಲ್ಲಿಂದಾಚೆಗೆ ಗಾರ್ಡನ್ ಮರಳಿ ಹೋಗಿ ಸೇವೆ ಸಲ್ಲಿಸಬಹುದಾದ ರಾಜನೇ ಸ್ವದೇಶದಲ್ಲಿ ಉಳಿಯಲಿಲ್ಲ.

ಇಂಥವನು 1689ರ ಸೆಪ್ಟೆಂಬರಿನಲ್ಲಿ ಏನು ಮಾಡಿದನೆಂಬುದನ್ನು ಬರೆಯುವಾಗ ನಾನು ನಿಧಾನ ಮಾಡಿದೆ. ಹದಿನೇಳರ ತ್ಸಾರ್ ಪೀಟರ್ ತನ್ನ ಅಕ್ಕ, ರಾಜ್ಯಭಾರ ನಡೆಸುತ್ತಿದ್ದ ಸೋಫಿಯಾಳ ಕಡೆಯವರಿಗೆ ಹೆದರಿ ತ್ರೊಯಿತ್ಸಾ ಮಠವನ್ನು ಸೇರಿಕೊಂಡಿದ್ದ. ಪರದೇಶಿ ಅಧಿಕಾರಿಗಳೆಲ್ಲ ಆಯುಧ ಸಮೇತ ಮಠಕ್ಕೆ ಬರಬೇಕೆಂದು ಅವನ ಆಜ್ಞೆ ಬಂದಿತು. ಗಾರ್ಡನ್ ಆ ಪತ್ರವನ್ನು ಮುಚ್ಚಿಡಲಿಲ್ಲ. ಮೂರು ವರ್ಷಗಳ ಹಿಂದೆ ತನ್ನನ್ನು ಅವಮಾನಿಸಿದ ಗೊಲಿತ್ಸಿನ್‌ನ ಬಳಿಗೇ ಒಯ್ದು ತೋರಿಸಿ, ಏನು ಮಾಡಬೇಕೆಂದು ಕೇಳಿದ. ಗೊಲಿತ್ಸಿನ್‌ಗೆ ಸ್ಪಷ್ಟ ಉತ್ತರ ಕೊಡಲಾಗಲಿಲ್ಲ. ಆಗ ಗಾರ್ಡನ್ ಹೊರಡುವುದಾಗಿ ನಿಶ್ಚಯಿಸಿದ. ಅವನು ಹೊರಟನೆಂದು ತಿಳಿದು ಉಳಿದ ಪರದೇಶಿಗಳೂ ಕುದುರೆ ಹತ್ತಿದರು. ತಾವು ಮಠಕ್ಕೆ ಹೋದದ್ದೇ ಆ ಬಿಕ್ಕಟ್ಟನ್ನು ನಿರ್ಣಯಿಸಿತೆಂದು ಅವನು ಬರೆದಿದ್ದಾನೆ, ಇತಿಹಾಸಕಾರರೂ ಅದನ್ನು ಬಹುಮಟ್ಟಿಗೆ ಒಪ್ಪುತ್ತಾರೆ. ನನಗೆ ಮುಖ್ಯವೆನಿಸುವುದು ಗೊಲಿತ್ಸಿನ್‌ನ ಬಾಗಿಲಿಗೆ ಹೋದ ಆ ನಡೆ. ಅಧಿಕೃತ ಮೇಲಧಿಕಾರಿಗೆ ತಿಳಿಸದೆ ಜಾಗ ಬಿಡಬಾರದೆಂಬ ಶಿಸ್ತನ್ನು ಅವನು ಅಂದೂ ಮುರಿಯಲಿಲ್ಲ. ಮೂರು ಸೈನ್ಯ ಕಂಡವನಿಗೆ ನಿಷ್ಠೆ ಇರಲಾರದೆಂದು ಹೇಳುವವರಿಗೆ ನಾನು ತೋರಿಸುವ ಪುಟ ಇದು.

ಅನಂತರದ ಹತ್ತು ವರ್ಷಗಳು ಬಹಳ ಮಂದಿಗೆ ಗೊತ್ತಿರುವಂಥವು. ಅಂಕಣಗಳಲ್ಲಿ ಅವು ಬೇಗ ಬೇಗ ತುಂಬಿದವು. 1690ರಲ್ಲಿ ಪೀಟರ್ ಅವನ ಮನೆಗೆ ಊಟಕ್ಕೆ ಬಂದ. 1694ರಲ್ಲಿ ಬಿಳಿ ಸಮುದ್ರದ ಯಾನದಲ್ಲಿ ಗಾರ್ಡನ್‌ಗೆ ರಿಯರ್ ಅಡ್ಮಿರಲ್ ಪಟ್ಟ. 1695ರಲ್ಲಿ ತುರ್ಕರ ಕೈಯಲ್ಲಿದ್ದ ಅಜೋವ್ ಕೋಟೆಯ ಮುತ್ತಿಗೆ ಸೋತಿತು. 1696ರಲ್ಲಿ ಮಣ್ಣಿನ ದಿಬ್ಬವನ್ನು ದಿನದಿನಕ್ಕೆ ಮುಂದೆ ತಳ್ಳುತ್ತ ಕೋಟೆಗೋಡೆಯ ಎತ್ತರಕ್ಕೆ ಒಯ್ಯುವ ಅವನ ಉಪಾಯದ ಜೊತೆಗೆ ಹೊಸ ನೌಕಾಬಲವೂ ಸೇರಿ ಅದೇ ಕೋಟೆ ಕೈವಶವಾಯಿತು. 1698ರ ಜೂನ್‌ನಲ್ಲಿ ಪೀಟರ್ ಪಶ್ಚಿಮ ಯುರೋಪಿನಲ್ಲಿದ್ದಾಗ ಸ್ತ್ರೆಲ್ತ್ಸಿ ಎಂಬ ರಷ್ಯಾದ ಹಳೆಯ ಬಂದೂಕುಧಾರಿ ಪಡೆಗಳು ಬಂಡೆದ್ದು ಮಾಸ್ಕೋದತ್ತ ಬಂದವು. ಗಾರ್ಡನ್ ಮೊದಲು ತಾನೇ ಹೋಗಿ ಮಾತಿನಿಂದ ಒಲಿಸಲು ನೋಡಿ, ಅದು ಫಲಿಸದಾಗ ಹೊಸ ಜೆರುಸಲೇಂ ಮಠದ ಬಳಿ ಫಿರಂಗಿಗಳಿಂದ ಅವರನ್ನು ಚದುರಿಸಿದ. ಮುಂದೆ ಆ ಬಂಡಾಯಗಾರರಿಗೆ ಆದ ಚಿತ್ರಹಿಂಸೆ, ಸಾಮೂಹಿಕ ಮರಣದಂಡನೆಗಳ ಪುಟಗಳನ್ನು ಓದುವುದು ಕಷ್ಟ. ಸೇವಾ ಪುಸ್ತಕಕ್ಕೆ ಅವುಗಳನ್ನು ಸೇರಿಸದಿದ್ದರೆ ಕೆಲಸ ಪ್ರಾಮಾಣಿಕವಾಗುತ್ತಿರಲಿಲ್ಲ; ಸೇರಿಸಿದ್ದೇನೆ.

ಧರ್ಮದ ಅಂಕಣ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿ ಉಳಿಯಿತು. ಸ್ವೀಡನ್ನಿನ ಲೂಥರನ್ನರ ನಡುವೆಯೂ ರಷ್ಯಾದ ಆರ್ಥಡಾಕ್ಸ್ ಆಸ್ಥಾನದಲ್ಲಿಯೂ ಅವನು ಕಥೋಲಿಕನಾಗಿಯೇ ಇದ್ದ. ಮಾಸ್ಕೋದಲ್ಲಿ ಕಥೋಲಿಕರಿಗೆ ಪಾದ್ರಿಗಳೂ ಚರ್ಚೂ ದೊರೆಯುವಂತೆ ದುಡಿದ. 1698ರ ಡಿಸೆಂಬರ್ 31ರಂದು, ಈ ವರ್ಷ ಆರೋಗ್ಯವೂ ಶಕ್ತಿಯೂ ಕುಂದಿರುವುದು ಅನುಭವಕ್ಕೆ ಬಂದಿದೆ, ದೇವರ ಚಿತ್ತದಂತಾಗಲಿ ಎಂಬರ್ಥದ ಸಾಲು ಬರೆದ. ಉಳಿದಿರುವ ದಿನಚರಿ ಅಲ್ಲಿಗೆ ಮುಗಿಯುತ್ತದೆ. 1699ರ ನವೆಂಬರ್ 29ರಂದು ಮಾಸ್ಕೋದಲ್ಲಿ ತೀರಿಕೊಂಡ. ಅದಾಗಿ ಒಂದು ತಿಂಗಳಿಗೆ ಪೀಟರ್ ಸೃಷ್ಟಿಯಾದಿಯ ಎಣಿಕೆಯನ್ನು ಕೈಬಿಟ್ಟು, ಜನವರಿ 1ರಿಂದ 1700ನೆಯ ಇಸವಿಯನ್ನು ಆರಂಭಿಸಿದ. ನನ್ನ ಎರಡು ತಾರೀಖುಗಳ ಅಂಕಣದಲ್ಲಿ ಗಾರ್ಡನ್‌ನ ಮರಣವೇ 7208ನೆಯ ವರ್ಷದ ಕೊನೆಯ ನಮೂದು. ಬಿಡುಗಡೆಯ ಅಂಕಣದಲ್ಲಿ “ಸೇವೆಯಲ್ಲಿರುವಾಗಲೇ ಮರಣ” ಎಂದು ಬರೆದೆ.

ಪುಸ್ತಕ ಅಲ್ಲಿಗೆ ಮುಗಿದರೂ ಅವನ ಅಳಿಯನಿಗಾಗಿ ಇನ್ನೊಂದು ಹಾಳೆ ತೆರೆದಿದ್ದೇನೆ. ಆಖಿಂಟೂಲಿನ ಅಲೆಕ್ಸಾಂಡರ್ ಗಾರ್ಡನ್ ಕೂಡ ಅದೇ ಸೀಮೆಯವನು. ಪೀಟರನ ಸೈನ್ಯದಲ್ಲಿ ದುಡಿದು ಪ್ಯಾಟ್ರಿಕ್‌ನ ಮಗಳನ್ನು ಮದುವೆಯಾದವನು. ಅವನ ಹಾಳೆಯಲ್ಲಿ ಬಿಡುಗಡೆಯ ಮನೆ ತುಂಬಿದೆ: 1711ರಲ್ಲಿ ಅವನು ರಷ್ಯಾದ ಸೇವೆ ಬಿಟ್ಟು ಸ್ಕಾಟ್ಲೆಂಡಿಗೆ ಮರಳಿದ, 1715ರಲ್ಲಿ ಸ್ಟೂವರ್ಟರ ಪರವಾಗಿ ಎದ್ದ ಬಂಡಾಯದಲ್ಲಿ ಸೇನಾನಿಯಾಗಿ ನಿಂತ. ಮಾವನಿಗೆ ಸಿಗದ ಅನುಮತಿ ಅಳಿಯನಿಗೆ ಹೇಗೆ ಸಿಕ್ಕಿತು, ನಡುವಿನ ಹನ್ನೆರಡು ವರ್ಷಗಳಲ್ಲಿ ರಷ್ಯಾದ ಸೈನ್ಯದ ನಿಯಮಗಳಲ್ಲಿ ಏನು ಬದಲಾಯಿತು ಎಂಬುದನ್ನು ಈಗ ಓದುತ್ತಿದ್ದೇನೆ.